ಕಾವು ಬಿಡಿಸಿ, ಮೊಟ್ಟೆ ಹೆಚ್ಚಿಸಿ

"ನಾಟಿ ಕೋಳಿ ಮೊಟ್ಟೆ ಇಡೋದೇ ಕಮ್ಮಿ, ಸಾಕಿ ಏನು ಗಿಟ್ಟುತ್ತೆ?" ಎಂದು ಕೇಳುವವರು ಹಲವರು. ನಮ್ಮದು ಕರಾವಳಿಯ ಸಣ್ಣ ಅಡಿಕೆ ತೋಟ. ಎಂಟು ಹೇಂಟೆ, ಒಂದು ಹುಂಜ ಇವೆ. ನನ್ನ ಅನುಭವದಲ್ಲಿ ಮೊಟ್ಟೆ ಕಡಿಮೆಯಾಗುವುದು ತಳಿಯಿಂದ ಮಾತ್ರ ಅಲ್ಲ, ಕಾವಿನಲ್ಲಿ ಕಳೆದುಹೋಗುವ ದಿನಗಳಿಂದಲೂ ಹೌದು.

ಲೆಕ್ಕ ನೋಡಿ. ಹೇಂಟೆ ಒಂದು ಸರ್ತಿಗೆ 12-15 ಮೊಟ್ಟೆ ಇಡುತ್ತದೆ. ಇದಕ್ಕೆ ಸುಮಾರು 20 ದಿನ. ಬಳಿಕ 21 ದಿನ ಕಾವು. ಆಮೇಲೆ ಎರಡು-ಎರಡೂವರೆ ತಿಂಗಳು ಮರಿಗಳ ಜತೆ ಓಡಾಟ. ಒಂದು ಸುತ್ತಿಗೆ ಹತ್ತಿರ ಹತ್ತಿರ ನಾಲ್ಕು ತಿಂಗಳಾಯಿತು. ವರ್ಷಕ್ಕೆ ಮೂರು ಸುತ್ತು, 40-45 ಮೊಟ್ಟೆ. ಅದರಲ್ಲಿ ಕಾವಿಗೆ ಇಟ್ಟದ್ದನ್ನು ಕಳೆದರೆ ಮನೆಗೆ ಉಳಿಯುವುದೆಷ್ಟು?

ಹಾಗೆಂದು ಕಾವೇ ಬೇಡ ಎಂದಲ್ಲ, ಮರಿಯೂ ಬೇಕಲ್ಲ! ಎಂಟರಲ್ಲಿ ಎರಡು ಒಳ್ಳೆಯ ತಾಯಿಕೋಳಿಗಳನ್ನು ಮಾತ್ರ ನಾವು ಕೂರಿಸುತ್ತೇವೆ. ಅಡಿಗೆ ವಾರದೊಳಗಿನ ತಾಜಾ ಮೊಟ್ಟೆ, ಹತ್ತು-ಹನ್ನೆರಡು. ಏಳನೇ ದಿನ ರಾತ್ರಿ ಟಾರ್ಚ್ ಹಿಡಿದು ನೋಡಿದರೆ ಮರಿಯಾಗುವ ಮೊಟ್ಟೆಯಲ್ಲಿ ಜೇಡನಂತೆ ರಕ್ತನಾಳ ಕಾಣುತ್ತದೆ. ಕಾಣದ್ದನ್ನು ತೆಗೆದುಬಿಡಿ.

ಬಿಡಿಸುವುದು ಹೇಗೆ?

ಕೋಳಿ ಗೂಡಿನಿಂದ ಏಳುವುದಿಲ್ಲ, ಕೈ ಹಾಕಿದರೆ ಗರಿ ಉಬ್ಬಿಸಿ ಗುರುಗುಟ್ಟುತ್ತದೆ ಎಂದಾದರೆ ಕಾವು ಬಂತೆಂದೇ ಲೆಕ್ಕ. ಅದೇ ದಿನ ಹಿಡಿದು, ತಳದಲ್ಲಿ ಸಲಾಕೆ ಬಡಿದ ಪಂಜರಕ್ಕೆ ಹಾಕಿ. ನೆಲದಿಂದ ಒಂದಡಿ ಎತ್ತರವಿರಲಿ, ಬೆಳಕು ಬೀಳಲಿ. ಹೊಟ್ಟೆಯಡಿಗೆ ಗಾಳಿ ತಾಗಬೇಕು, ಹಾಗಾಗಿ ಹುಲ್ಲು ಹಾಸಬೇಡಿ. ತೌಡು, ನುಚ್ಚು, ನೀರು ಎಂದಿನಂತೆ ಕೊಡಿ. ಕೆಲವರು ನೀರಿಗೆ ಅದ್ದುತ್ತಾರೆ, ಉಪವಾಸ ಹಾಕುತ್ತಾರೆ, ಮೂಗಿಗೆ ಗರಿ ಚುಚ್ಚುತ್ತಾರೆ. ಇದೆಲ್ಲ ಬರೇ ಹಿಂಸೆ. ಬಳಲಿದ ಕೋಳಿ ಮೊಟ್ಟೆಗೆ ಬರುವುದೂ ತಡವೇ.

ನಾಲ್ಕೈದು ದಿನದಲ್ಲಿ ಕಾವು ಇಳಿಯುತ್ತದೆ. ಎರಡು-ಮೂರು ವಾರಕ್ಕೆ ಮತ್ತೆ ಮೊಟ್ಟೆ ಶುರು. ಹೀಗೆ ಮಾಡಿದಲ್ಲಿ ನಮ್ಮ ಹೇಂಟೆಗಳಿಗೆ ವರ್ಷಕ್ಕೆ ಐದು ಸುತ್ತು ಸಿಗುತ್ತಿದೆ. ದಿನಾ ಸಂಜೆ ಮೊಟ್ಟೆ ತೆಗೆಯಿರಿ. ಗೂಡಿನಲ್ಲಿ ರಾಶಿಯಾದರೆ ಕಾವು ಬೇಗ ಬರುತ್ತದೆ. ಕೋಳಿ ಜಾಗ ಬದಲಿಸದಂತೆ ಗುರುತಿನದ್ದೊಂದು ಇದ್ದರೆ ಸಾಕು. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು ಎರಡು ಗ್ರಾಂ ಸುಣ್ಣಾಂಶ ಬೇಕು. ಪುಡಿಮಾಡಿದ ಕಪ್ಪೆಚಿಪ್ಪನ್ನು ಗೆರಟೆಯಲ್ಲಿ ಇಟ್ಟುಬಿಡಿ, ಬೇಕಾದಷ್ಟು ತಿನ್ನುತ್ತವೆ.

ಲಸಿಕೆ ಮರೆಯಬೇಡಿ

ಕೊಕ್ಕರೆ ರೋಗ ಬಂದರೆ ವಾರದೊಳಗೆ ಗೂಡು ಖಾಲಿ. ಬಂದ ಮೇಲೆ ಮದ್ದಿಲ್ಲ. ಮರಿಗೆ 5-7 ದಿನವಾದಾಗ ಲಸೋಟ ಅಥವಾ ಎಫ್-1 ಲಸಿಕೆ, ಕಣ್ಣಿಗೆ ಒಂದು ಹನಿ. ಎಂಟು ವಾರಕ್ಕೆ ಆರ್-2-ಬಿ ಚುಚ್ಚುಮದ್ದು. ಕಾಯಿಲೆ ಬಿದ್ದ ಕೋಳಿಗೆ ಕೊಡಕೂಡದು.

ತೊಡಕು ಒಂದೇ. ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ. ಮನೆಯಲ್ಲಿರುವುದು ಹತ್ತು! ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಅದಕ್ಕೆ ನಮ್ಮ ಬೈಲಿನ ಏಳೆಂಟು ಮನೆಯವರು ಒಂದು ದಿನ ಗೊತ್ತುಮಾಡುತ್ತೇವೆ. ಪಶು ಆಸ್ಪತ್ರೆಯಿಂದ ಸೀಸೆಯನ್ನು ಮಂಜುಗಡ್ಡೆ ತುಂಬಿದ ಫ್ಲಾಸ್ಕಿನಲ್ಲಿ ತಂದು, ಬೆಳಗ್ಗೆ ಕೋಳಿ ಬಿಡುವ ಮೊದಲೇ ಮನೆಮನೆಗೆ ಹೋಗಿ ಮುಗಿಸುತ್ತೇವೆ. ಖರ್ಚು ಹಂಚಿಹೋಗುತ್ತದೆ. ಪಕ್ಕದ ಮನೆಯ ಕೋಳಿಗೆ ರೋಗವಿಲ್ಲದಿದ್ದರೆ ನಮ್ಮದಕ್ಕೂ ಕ್ಷೇಮ. ಬೇಸಿಗೆಗೆ ಮೊದಲೇ ಇದೊಂದು ಕೆಲಸ ಆಗಿಬಿಡಲಿ.