ಒಲೆ ಮೇಲಿನ ಅಟ್ಟದಿಂದ ಗಾಜಿನ ಭರಣಿಗೆ

ಮಲೆನಾಡಿನ ಮಳೆಗಾಲ ದಾಟಿಸಿ ಬೀಜ ಉಳಿಸುವ ಮನೆವಿದ್ಯೆಯ ಪರಿಚಯ

ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಸೀಮೆಯಲ್ಲಿ ತರಕಾರಿಗೆ ಎರಡು ಕಾಲ. ಮುಂಗಾರು ಹಿಡಿಯುತ್ತಲೇ ಹಿತ್ತಲಲ್ಲಿ ಊರುವ ಹೀರೆ, ಬೆಂಡೆ, ಪಡವಲಗಳದ್ದು ಒಂದು. ಮಳೆ ಹಿಂದೆ ಸರಿದ ಮೇಲೆ ನೀರು ಹೊಯ್ದು ಬೆಳೆಸುವ ಸೌತೆ, ಅಲಸಂದೆ, ಬದನೆಗಳದ್ದು ಇನ್ನೊಂದು. ಮೊದಲನೆಯದರ ಬೀಜ ಕಾಯುವುದು ಸುಲಭ. ದೀಪಾವಳಿ ಹೊತ್ತಿಗೆ ಕೈಗೆ ಬಂದ ಬೀಜಕ್ಕೆ ಮುಂದಿರುವುದೆಲ್ಲ ಬಿಸಿಲಿನ ತಿಂಗಳು. ಬೇಸಿಗೆ ಬೆಳೆಯ ಬೀಜದ್ದೇ ಕಷ್ಟ. ಏಪ್ರಿಲ್‌ನಲ್ಲಿ ತೆಗೆದಿಟ್ಟದ್ದು ಆರ್ದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳನ್ನೆಲ್ಲ ದಾಟಬೇಕು. ಮಳೆ ಧಾರಾಳ ಸುರಿಯುವ, ಬಾಗಿಲ ಹಿಂದಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿದು.

ಇದಕ್ಕೆ ಹಿಂದಿನವರು ಕಂಡುಕೊಂಡ ಉತ್ತರ ಅಡುಗೆಮನೆಯಲ್ಲೇ ಇತ್ತು. ಕಟ್ಟಿಗೆ ಒಲೆಯ ಮೇಲಿನ ಅಟ್ಟ ಮಳೆಗಾಲವಿಡೀ ಬೆಚ್ಚಗಿರುತ್ತಿತ್ತು. ಒಣಗಿದ ಹೀರೆಕಾಯಿ, ಬೆಂಡೆಕಾಯಿಗಳನ್ನು ಸಿಪ್ಪೆ ಸಮೇತ ಅಲ್ಲಿ ನೇತುಹಾಕುತ್ತಿದ್ದರು. ಸೌತೆ, ಕುಂಬಳದ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಸಗಣಿಯಲ್ಲಿ ಒತ್ತಿ ಗೋಡೆಗೆ ತಟ್ಟಿಬಿಡುವುದೂ ಇತ್ತು. ಬಿತ್ತನೆ ಭತ್ತ ಹುಲ್ಲಿನ ಮುಡಿಯೊಳಗೆ ಬಿಗಿಯಾಗಿ ಕೂರುತ್ತಿತ್ತು. ದ್ವಿದಳ ಕಾಳಿಗೆ ಒಣ ಬೂದಿ ಬೆರೆಸುತ್ತಿದ್ದರು. ಬೂದಿ ತೇವ ಹೀರುತ್ತದೆ. ಹುಳದ ಮೈಮೇಲಿನ ಮೇಣದ ಪದರವನ್ನು ಉಜ್ಜಿ ಹಾಕುವುದರಿಂದ ಅದು ಒಣಗಿ ಸಾಯುತ್ತದೆ.

ವಿಜ್ಞಾನ ಹೇಳುವುದೂ ಇದಕ್ಕೆ ಹತ್ತಿರದ್ದೇ. ಬೀಜಕ್ಕೆ ಉಸಿರಿದೆ. ತೇವ, ಶಾಖ ಹೆಚ್ಚಿದಷ್ಟೂ ಉಸಿರಾಟ ಜೋರಾಗಿ ಒಳಗಿನ ಆಹಾರ ಕರಗುತ್ತದೆ, ಆಯುಸ್ಸು ಕುಗ್ಗುತ್ತದೆ. ಅಮೆರಿಕದ ಬೀಜವಿಜ್ಞಾನಿ ಹ್ಯಾರಿಂಗ್ಟನ್ ಕೊಟ್ಟ ಸ್ಥೂಲ ಲೆಕ್ಕದ ಪ್ರಕಾರ ಬೀಜದೊಳಗಿನ ತೇವಾಂಶ ಶೇ 1ರಷ್ಟು ಇಳಿದರೆ ಆಯುಸ್ಸು ಇಮ್ಮಡಿ. ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೆ ಮತ್ತೆ ಇಮ್ಮಡಿ. ಗಾಳಿಯ ಆರ್ದ್ರತೆಯನ್ನೂ ಫ್ಯಾರನ್‌ಹೀಟ್ ಉಷ್ಣತೆಯನ್ನೂ ಕೂಡಿದರೆ 100ರೊಳಗಿರಬೇಕು ಎನ್ನುವುದು ಇನ್ನೊಂದು ಸೂತ್ರ. ಆರ್ದ್ರತೆ 90, ಉಷ್ಣತೆ 75 ಇರುವ ಆಷಾಢದ ದಿನ ಮೊತ್ತ 165 ಆಗುತ್ತದೆ. ಅಟ್ಟ ತಂಪಾಗಿರಲಿಲ್ಲ, ಆದರೆ ಒಣಗಿತ್ತು. ಒಂದು ಮಳೆಗಾಲ ದಾಟಿಸಲು ಅಷ್ಟು ಸಾಕಿತ್ತು. ಪ್ರತಿವರ್ಷ ಬಿತ್ತಿ ಹೊಸ ಬೀಜ ಕಟ್ಟುತ್ತಿದ್ದವರಿಗೆ ಅದಕ್ಕಿಂತ ಹೆಚ್ಚು ಬೇಕಾಗಿಯೂ ಇರಲಿಲ್ಲ.

ಈಗ ಮನೆಮನೆಗೆ ಗ್ಯಾಸ್ ಬಂದಿದೆ, ಹೆಂಚಿನ ಮಾಡಿನ ಜಾಗದಲ್ಲಿ ತಾರಸಿ ಬಂದಿದೆ. ಹೆಂಗಸರ ಕಣ್ಣು, ಶ್ವಾಸಕೋಶಕ್ಕೆ ಅದು ಒಳ್ಳೆಯದೇ ಆಯಿತು. ಆದರೆ ಒಲೆ ಆರಿದ ಮನೆಯ ಅಟ್ಟದಲ್ಲಿ ಬೀಜ ಇಟ್ಟರೆ ಬೂಷ್ಟಿಗೆ ಇಟ್ಟಂತೆ. ಒಲೆ ಮಾಡುತ್ತಿದ್ದ ಕೆಲಸವನ್ನು ಇನ್ನು ನಾವೇ ಮಾಡಬೇಕು.

ಒಣಗಿಸುವುದೇ ಮುಖ್ಯ

ಬೀಜಕ್ಕೆ ಬಿಡುವ ಕಾಯಿ ರೋಗವಿಲ್ಲದ, ಗಟ್ಟಿ ಬಳ್ಳಿಯದಾಗಿರಲಿ. ಬಳ್ಳಿಯಲ್ಲೇ ಪೂರ್ತಿ ಬಲಿಯಲಿ. ಸೌತೆಯ ಬೀಜವನ್ನು ತಿರುಳಿನೊಂದಿಗೆ ಒಂದೆರಡು ದಿನ ಹುಳಿಯಲು ಬಿಟ್ಟು ತೊಳೆದರೆ ಜೊಳ್ಳು ತೇಲುತ್ತದೆ, ಗಟ್ಟಿ ತಳಕ್ಕಿಳಿಯುತ್ತದೆ. ಆಮೇಲೆ ಗೆರಸಿಯಲ್ಲಿ ತೆಳ್ಳಗೆ ಹರವಿ ನೆರಳು, ಎಳೆಬಿಸಿಲಿನಲ್ಲಿ ಒಣಗಿಸಬೇಕು. ಕಾದ ತಗಡು, ಟಾರ್ಪಾಲಿನ ಮೇಲೆ ನಡುಮಧ್ಯಾಹ್ನ ಹರವಿದರೆ ಒಳಗಿನ ಮೊಳಕೆಯೇ ಬೆಂದುಹೋದೀತು. ಕುಂಬಳದ ಬೀಜ ಬಾಗದೆ ಲಟಕ್ಕನೆ ಮುರಿಯಬೇಕು, ಭತ್ತ ಹಲ್ಲಿಗೆ ಕಟ್ಟೆನ್ನಬೇಕು. ಅನುಮಾನವಿದ್ದರೆ ಒಣ ಗಾಜಿನ ಭರಣಿಯಲ್ಲಿ ಸ್ವಲ್ಪ ಬೀಜಕ್ಕೆ ಒಣ ಉಪ್ಪು ಸೇರಿಸಿ ಕುಲುಕಿ. ಉಪ್ಪು ಗಾಜಿಗೆ ಅಂಟಿದರೆ ಬೀಜ ಇನ್ನೂ ಹಸಿ. ಭಾರತದ ಪ್ರಮಾಣಿತ ಬೀಜ ನಿಯಮದಂತೆ ಭತ್ತದ ತೇವಾಂಶ ಸಾಮಾನ್ಯ ಚೀಲದಲ್ಲಿ ಶೇ 13 ಮೀರಬಾರದು. ಗಾಳಿಯಾಡದ ಡಬ್ಬಿಗೆ ಶೇ 8. ಹಸಿ ಬೀಜಕ್ಕೆ ಮುಚ್ಚಳ ಬಿಗಿದರೆ ಅದು ಒಳಗೇ ಮುಗ್ಗುತ್ತದೆ.

ಭರಣಿಯ ತಳಕ್ಕೆ ಬಿಸಿಯಾಗಿ ಹುರಿದು ಆರಿಸಿದ ಅಕ್ಕಿಯ ಗಂಟು, ಇಲ್ಲವೇ ಸಿಲಿಕಾ ಜೆಲ್ ಹಾಕಿ. ಚೀಟಿಯಲ್ಲಿ ತಳಿಯ ಹೆಸರು, ಕಿತ್ತ ತಿಂಗಳು, ಕೊಟ್ಟವರ ಮನೆ ಬರೆಯಿರಿ. ಫ್ರಿಜ್‌ನಲ್ಲಿಟ್ಟರೆ ಇನ್ನೂ ಒಳ್ಳೆಯದು. ಹೊರತೆಗೆದ ಭರಣಿಯ ತಂಪು ಪೂರ್ತಿ ಹೋಗುವವರೆಗೆ ಮುಚ್ಚಳ ತೆಗೆಯಬೇಡಿ. ತೆಗೆದರೆ ಹೊರಗಿನ ಗಾಳಿಯ ನೀರು ಬೀಜದ ಮೇಲೆ ಕೂರುತ್ತದೆ. ಚೆನ್ನಾಗಿ ಒಣಗಿದ ಸೌತೆ, ಕುಂಬಳ ನಾಲ್ಕೈದು ವರ್ಷ ಬಾಳುತ್ತವೆ, ಮೆಣಸಿನಕಾಯಿ ಎರಡು–ಮೂರು. ಈರುಳ್ಳಿಗೆ ಒಂದೆರಡು ವರ್ಷವೇ ಹೆಚ್ಚು. ಬಿತ್ತುವ ಮುನ್ನ ಹತ್ತು ಬೀಜವನ್ನು ಒದ್ದೆಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆತವು ನೋಡಿದರೆ ಉಳಿದವುಗಳ ಹಣೆಬರಹ ತಿಳಿಯುತ್ತದೆ.

ಒಣಗಿದರೆ ಸಾಯುವವು

ಮಲೆನಾಡಿನ ಬದುಕು ನಡೆಸುವ ಬೆಳೆಗಳಿಗೆ ಮಾತ್ರ ಈ ವಿದ್ಯೆ ನಡೆಯದು. ಅಡಿಕೆ, ಹಲಸು, ಮಾವು, ಕಾಳುಮೆಣಸಿನ ಬೀಜಗಳು ಒಣಗಿದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತವೆ. ಹಲಸಿನ ಬೇಳೆಗೆ ಕೆಮ್ಮಣ್ಣು ಬಳಿದು ಮಳೆಗಾಲದ ಪದಾರ್ಥಕ್ಕೆ ಕಾಪಿಡುತ್ತಿದ್ದುದು ಅದರ ಹಸಿ ಆರದಿರಲೆಂದೇ. ಇವುಗಳ ತಳಿ ಉಳಿಯಬೇಕಾದರೆ ಮರವನ್ನೇ ಉಳಿಸಬೇಕು, ಇಲ್ಲವೇ ಕಸಿ ಕಟ್ಟಬೇಕು. ಅಪ್ಪೆಮಿಡಿ ಮಾವು ಉಳಿಯುತ್ತಿರುವುದು ಹೀಗೆ.

ನಾಲ್ಕು ಮನೆಯಲ್ಲಿದ್ದರೆ

ಶಿರಸಿಯಲ್ಲಿ 2001ರಲ್ಲಿ ಸುನೀತಾ ರಾವ್ ಹುಟ್ಟುಹಾಕಿದ ವನಸ್ತ್ರೀ ಸಂಘಟನೆ ಮಲೆನಾಡಿನ ಹಿತ್ತಲ ಬೀಜಗಳನ್ನು ಹೆಂಗಸರ ಕೈಯಿಂದಲೇ ಉಳಿಸಿ ಹಂಚುತ್ತಿದೆ. ಕಾಸರಗೋಡಿನ ಸತ್ಯನಾರಾಯಣ ಬೆಳೇರಿ 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿ 2024ರಲ್ಲಿ ಪದ್ಮಶ್ರೀ ಪಡೆದರು. ಇಬ್ಬರದ್ದೂ ಒಂದೇ ದಾರಿ: ಬಿತ್ತು, ಬೆಳೆ, ಹಂಚು. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ ಹೆಪ್ಪುಗಟ್ಟಿದ ಬೆಟ್ಟದೊಳಗಿನ ಬೀಜ ಉಗ್ರಾಣ 2008ರಲ್ಲಿ ತೆರೆದದ್ದೂ ಬೇರೆಡೆಯ ಬೀಜಕ್ಕೆ ಇನ್ನೊಂದು ಪ್ರತಿ ಇರಲೆಂದು. ಸಿರಿಯಾದ ಯುದ್ಧದಿಂದ ಅಲೆಪ್ಪೊ ಬಳಿಯ ಬೀಜಬ್ಯಾಂಕ್ ಕೈತಪ್ಪಿದಾಗ, 2015ರಲ್ಲಿ ಸ್ವಾಲ್ಬಾರ್ಡ್‌ನಿಂದ ಬೀಜ ಮರಳಿ ಪಡೆಯಲು ಸಾಧ್ಯವಾಯಿತು.

ನಮ್ಮ ಅಜ್ಜಿಯಂದಿರ ಉಗ್ರಾಣ ನೆರೆಮನೆಯೇ ಆಗಿತ್ತು. ಒಬ್ಬರ ಹೀರೆಗೆ ರೋಗ ಬಂದ ವರ್ಷ ಮೇಲಿನ ಮನೆಯಿಂದ ಬೀಜ ಬರುತ್ತಿತ್ತು. ಹಾಗಾಗಿ ಈ ಸಲ ಬೀಜ ಒಣಗಿಸಿ ಭರಣಿಗೆ ತುಂಬುವಾಗ ಒಂದು ಹಿಡಿ ಬೇರೆ ತೆಗೆದಿಡಿ. ಅದನ್ನು ಬಿತ್ತಿ ಬೆಳೆಯುವ ಮೂರು ಮನೆಗಳಿಗೆ ಪಾಲು ಹೋಗಲಿ. ಭರಣಿ ನಾಲ್ಕೈದು ವರ್ಷದ ಭರವಸೆ ಕೊಡುತ್ತದೆ, ಅದಕ್ಕಿಂತ ಮುಂದಿನದು ಕೊಟ್ಟುಕೊಳ್ಳುವುದರಲ್ಲಿದೆ.