ಕರಿ ಒಂದರಿಂದ ಜಾರಿದ ತಬಲಾ

ಸಾಣಾಪುರದ ಹುಡುಗನ ಡ್ರಮ್ ಪೆಡಲ್‌ನಲ್ಲಿ ಎದ್ದು ಕೇಳುತ್ತಿದ್ದ ದೋಷ ಒಂದೇ, ತಬಲಾದ ‘ನಾ’ ಎಂಬ ಪೆಟ್ಟು. ತಾಳ ತಪ್ಪುತ್ತಿರಲಿಲ್ಲ, ಸದ್ದು ಒಡೆಯುತ್ತಿರಲಿಲ್ಲ, ಪೆಟ್ಟು ಬೀಳಬೇಕಾದ ಕಡೆಯೇ ಬೀಳುತ್ತಿತ್ತು. ಆದರೆ ರೆಕಾರ್ಡ್ ಮಾಡಿದ ‘ನಾ’ ಬೇರೆ, ಪೆಡಲ್ ನುಡಿಸುತ್ತಿದ್ದ ‘ನಾ’ ಬೇರೆ. ದಪ್ಪ ದನಿ, ದಣಿದಂಥ ದನಿ. ಗಂಗಾವತಿಯಲ್ಲಿ ಮೈಕ್‌ಸೆಟ್, ಆಂಪ್ಲಿಫೈಯರ್ ರಿಪೇರಿ ಮಾಡುವ ನನ್ನ ಅಂಗಡಿಗೆ ಆ ಪೆಡಲ್ ಬಂದದ್ದು ಈ ದೂರಿನೊಂದಿಗೆ.

ಸಾಣಾಪುರ ತುಂಗಭದ್ರೆಯ ಎಡದಂಡೆಯ ಊರು. ಹೊಳೆಯಾಚೆ ಹಂಪಿ, ಈಚೆ ಆನೆಗೊಂದಿ, ಅಂಜನಾದ್ರಿ, ಭತ್ತದ ಗದ್ದೆ, ಗುಂಡುಬಂಡೆಗಳ ಗುಡ್ಡ, ಹರಿಗೋಲು ತೇಲುವ ಕೆರೆ. ಸುಪ್ರೀಂ ಕೋರ್ಟ್ ತೀರ್ಪು ಬಂದು 2020ರ ಮಾರ್ಚ್‌ನಲ್ಲಿ ವಿರುಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಕೆಡವಿದ ಮೇಲೆ ಪ್ರವಾಸಿಗರು ಈ ಕಡೆ ಹೆಚ್ಚು ತಂಗತೊಡಗಿದರು. ಅವರೊಂದಿಗೆ ಗಿಟಾರ್‌ಗಳೂ ಬಂದವು. ಊರಿನ ಹುಡುಗರು ನೋಡಿ ನೋಡಿ ಕಲಿತರು. ಈ ಹುಡುಗನೂ ಹಾಗೆ ಕಲಿತವನು. ಹಗಲು ಹೋಮ್‌ಸ್ಟೇಯಲ್ಲಿ ಕೆಲಸ, ಸಂಜೆ ಅತಿಥಿಗಳ ಮುಂದೆ ಹಾಡು. ಪಕ್ಕದಲ್ಲಿ ಡ್ರಮ್ಮರ್ ಇಲ್ಲದ್ದರಿಂದ ಕಾಲಲ್ಲಿ ಒತ್ತುವ ಡ್ರಮ್ ಪೆಡಲ್ ಕೊಂಡಿದ್ದ. ಒಮ್ಮೆ ಒತ್ತಿದರೆ ತಾಳ ಶುರು, ಇನ್ನೊಮ್ಮೆ ಒತ್ತಿದರೆ ಉರುಳಿಕೆ, ಒತ್ತಿ ಹಿಡಿದರೆ ಮುಕ್ತಾಯ.

ಅದರೊಳಗಿದ್ದದ್ದೆಲ್ಲ ರಾಕ್, ಜಾಝ್ ಡ್ರಮ್ಮುಗಳು. ಸಂಜೆಯ ಹಾಡು ತತ್ವಪದಕ್ಕೋ ಹಳೆಯ ಸಿನಿಮಾ ಹಾಡಿಗೋ ಹೊರಳಿದಾಗ ಅವು ಹೊಂದುತ್ತಿರಲಿಲ್ಲ. ನಮ್ಮ ವಾದ್ಯಗಳ ಪೆಟ್ಟನ್ನೇ ರೆಕಾರ್ಡ್ ಮಾಡಿ ಮೆಮೊರಿ ಕಾರ್ಡಿಗೆ ಹಾಕಿದರೆ ಪೆಡಲ್ ಅದನ್ನೂ ನುಡಿಸುತ್ತದೆ. ಹಾಗಾಗಿ ಹುಡುಗ ಮೊದಲು ಊರ ಹಲಗಿಯ ಪೆಟ್ಟುಗಳನ್ನು ಯಾರದೋ ಕೈ ರೆಕಾರ್ಡರ್ ತಂದು ಹಿಡಿದ. ಅವು ಸರಿ ಬಂದವು. ಆಮೇಲೆ ನಮ್ಮ ಕಡೆಯ ಭಜನಾ ಮೇಳದ ತಬಲಾ ಮಾಸ್ತರರನ್ನು ಕೂಡಿಸಿ ನಾ, ತಿನ್, ಗೆ, ಧಾ ಎಂದು ಒಂದೊಂದೇ ಬೋಲ್ ಹಿಡಿದ. ಆ ಹೊತ್ತಿಗೆ ರೆಕಾರ್ಡರ್ ಕೈಯಲ್ಲಿರಲಿಲ್ಲ. ಫೋನಿನಲ್ಲಿ ವಿಡಿಯೋ ಮಾಡಿ, ಅದರಿಂದ ಸದ್ದನ್ನಷ್ಟೇ ಬೇರ್ಪಡಿಸಿ ಕಾರ್ಡಿಗೆ ಹಾಕಿದ. ದೂರು ಹುಟ್ಟಿದ್ದು ಅಲ್ಲಿಂದ.

ಅದೇ ಫೈಲು ಲ್ಯಾಪ್‌ಟಾಪ್‌ನಲ್ಲಿ ಚೊಕ್ಕ ಕೇಳುತ್ತಿತ್ತು. ಆದ್ದರಿಂದ ಎಲ್ಲರ ಸಂಶಯ ಪೆಡಲ್ ಮೇಲೆ. ಅಡಾಪ್ಟರ್ ಬದಲಿಸಿದೆವು, ವೋಲ್ಟೇಜ್ ಅಳೆದೆವು, ಕಾರ್ಡ್ ಫಾರ್ಮ್ಯಾಟ್ ಮಾಡಿ ಮತ್ತೆ ತುಂಬಿದೆವು, ಕೇಬಲ್ ತೆಗೆದು ನೇರ ಹೆಡ್‌ಫೋನ್ ಹಚ್ಚಿ ಕೇಳಿದೆವು. ದಪ್ಪ ‘ನಾ’ ದಪ್ಪಗೇ ಉಳಿಯಿತು. ಸ್ಪೀಕರ್ ದೋಷವಿದ್ದರೆ ಹಲಗಿಯೂ ಕೆಡಬೇಕಿತ್ತು. ಕಾರ್ಡ್ ನಿಧಾನವಾಗಿದ್ದರೆ ಸದ್ದು ತುಂಡಾಗಬೇಕಿತ್ತು. ವಿದ್ಯುತ್ತಿನ ತೊಂದರೆಯಾಗಿದ್ದರೆ ಹಿಂದೆ ಗುಂಯ್ ಅನ್ನಬೇಕಿತ್ತು. ಯಾವುದೂ ಆಗಲಿಲ್ಲ.

ದಾರಿ ತೋರಿಸಿದವರು ಮಾಸ್ತರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಆಶ್ರಮದಿಂದ ಬಂದ ಹಾರ್ಮೋನಿಯಂ, ತಬಲಾದವರು ನಮ್ಮ ಸೀಮೆಯ ಎಷ್ಟೋ ಭಜನಾ ಮೇಳಗಳಲ್ಲಿದ್ದಾರೆ. ಅಂಗಡಿಗೆ ಬಂದು ಪೆಡಲ್‌ನ ‘ನಾ’ ಕೇಳಿದ ಕೂಡಲೇ ಅವರು ದನಿಯ ಬಣ್ಣದ ಮಾತೆತ್ತಲಿಲ್ಲ, ಶ್ರುತಿಯ ಮಾತೆತ್ತಿದರು.

“ತಮ್ಮಾ, ಇದು ಇಳದೈತಿ. ನಾ ಅವತ್ತು ಕರಿ ಒಂದಕ್ಕ ಹಚ್ಚಿದ್ದೆ.”

“ಕೆರಿ ಗಾಳಿಗೆ ತೊಗಲು ಸಡಲ ಆಗಿತ್ತೇನ್ರಿ ಮಾಸ್ತರ?” ಎಂದ ಹುಡುಗ.

“ರೆಕಾರ್ಡ್ ಆದ ಮ್ಯಾಲ ತೊಗಲಿಗೆ ಥಂಡಿ ಹತ್ತತೈತೇನು?”

ಇದಕ್ಕೆ ಉತ್ತರವಿರಲಿಲ್ಲ. ಮಾಸ್ತರು ಹಾರ್ಮೋನಿಯಂ ಎಳೆದುಕೊಂಡರು. ಕರಿ ಒಂದನ್ನು, ಅಂದರೆ ಮೊದಲ ಕಪ್ಪು ಮನೆಯನ್ನು ಒತ್ತಿದರು, ಹುಡುಗ ಪೆಡಲ್ ಒತ್ತಿದ. ಕೂಡಲಿಲ್ಲ. ಅದರ ಕೆಳಗಿನ ಬಿಳಿ ಒಂದು ಒತ್ತಿದರು, ಕೂಡಲಿಲ್ಲ. ಇನ್ನೂ ಒಂದು ಮನೆ ಇಳಿದು ಬಿಳಿ ಏಳು ಒತ್ತಿದರು, ಅದಕ್ಕೂ ಕೂಡಲಿಲ್ಲ. “ಎರಡು ಮನಿ ನಡಬರಕ ನಿಂತೈತಿ ನೋಡು. ಮನಷಾ ಹಚ್ಚಿದ್ದಲ್ಲ ಇದು” ಎಂದರು.

ನನ್ನ ಮಟ್ಟಿಗೆ ಶೋಧ ನಡೆದದ್ದು ಆ ಮಾತಿನಲ್ಲಿ. ಮುಂದಿನದೆಲ್ಲ ಲೆಕ್ಕ. ಮನುಷ್ಯ ತಬಲಾವನ್ನು ಯಾವುದಾದರೊಂದು ಮನೆಗೆ ಕೂರಿಸುತ್ತಾನೆ. ಎರಡು ಮನೆಯ ನಟ್ಟನಡುವೆ ಹೋಗಿ ನಿಲ್ಲುವ ಶ್ರುತಿಗೆ ಕಾರಣ ಕೈಯಲ್ಲ, ಯಾವುದೋ ಭಾಗಾಕಾರ.

ಗಿಟಾರ್ ಶ್ರುತಿ ಮಾಡುವ ಟ್ಯೂನರ್ ಹಿಡಿದು ಅಳೆದೆವು. ಲ್ಯಾಪ್‌ಟಾಪ್‌ನಲ್ಲಿ ‘ನಾ’ ಸುಮಾರು 277 ಹರ್ಟ್ಸ್, ಅಂದರೆ ಸರಿಯಾಗಿ ಕರಿ ಒಂದು. ಪೆಡಲ್‌ನಲ್ಲಿ ಅದೇ ‘ನಾ’ ಸುಮಾರು 255. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.09ರ ಹತ್ತಿರ. ಸದ್ದಿನ ಕೆಲಸ ಮಾಡುವವರಿಗೆ ಇದು ಪರಿಚಿತ ಸಂಖ್ಯೆ. 48,000ವನ್ನು 44,100ರಿಂದ ಭಾಗಿಸಿದರೆ ಬರುವುದು 1.088.

ಈ ಎರಡು ಸಂಖ್ಯೆಗಳೇನೆಂದು ಹೇಳಬೇಕು. ಡಿಜಿಟಲ್ ರೆಕಾರ್ಡಿಂಗ್ ಎಂದರೆ ಸದ್ದಿನ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಬರೆದಿಡುವುದು. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆ, ವಿಡಿಯೋದಲ್ಲಿ ವಾಡಿಕೆಯಾಗಿ 48,000. ಹುಡುಗನ ಫೋನು ವಿಡಿಯೋ ಹಿಡಿದದ್ದರಿಂದ ಒಂದು ಸೆಕೆಂಡಿನ ತಬಲಾ 48,000 ಅಳತೆಗಳಾಗಿ ಕೂತಿತ್ತು. ಪೆಡಲ್ ಅದನ್ನು ತನ್ನ ಗಡಿಯಾರದಂತೆ ಸೆಕೆಂಡಿಗೆ 44,100ರ ಲೆಕ್ಕದಲ್ಲಿ ಹೊರಬಿಡುತ್ತಿತ್ತು. ಅದೇ ಕಟ್ಟು ಭತ್ತದ ಸಸಿಯನ್ನು ಅಂತರ ಹೆಚ್ಚು ಬಿಟ್ಟು ನಾಟಿ ಮಾಡಿದರೆ ಸಾಲು ಉದ್ದವಾಗುತ್ತದೆ, ಹಾಗೆ. ಸದ್ದು ಉದ್ದವಾಯಿತು, ಕಂಪನ ನಿಧಾನವಾಯಿತು, ಶ್ರುತಿ ಸುಮಾರು ಒಂದೂವರೆ ಮನೆ ಇಳಿಯಿತು. ಮಾಸ್ತರರ ಕಿವಿ ಹೇಳಿದ್ದೂ ಅದನ್ನೇ.

ತಾಳ ಯಾಕೆ ನಿಧಾನವಾಗಲಿಲ್ಲ? ಪೆಡಲ್‌ನಲ್ಲಿ ತಾಳವೂ ಪೆಟ್ಟೂ ಬೇರೆ ಬೇರೆ ಇರುತ್ತವೆ. ಯಾವ ಗಳಿಗೆಗೆ ಯಾವ ಪೆಟ್ಟು ಎಂಬ ಪಟ್ಟಿ ಒಂದು ಕಡೆ, ಪೆಟ್ಟಿನ ಸದ್ದು ಇನ್ನೊಂದು ಕಡೆ. ಪಟ್ಟಿ ಸರಿಯಾಗಿ ಓಡುತ್ತಿತ್ತು. ಪ್ರತಿ ಪೆಟ್ಟೂ ಹೊತ್ತಿಗೆ ಸರಿಯಾಗಿ ಶುರುವಾಗಿ, ತುಸು ಉದ್ದಕ್ಕೆ, ತುಸು ಕೆಳಗೆ ಮೊಳಗುತ್ತಿತ್ತು. ಎಡಗೈಯ ಡಗ್ಗಾದ ‘ಗೆ’ಯೂ ಇಷ್ಟೇ ಇಳಿದಿತ್ತು. ಆದರೆ ಡಗ್ಗಾದ ನಾದವನ್ನು ಅಂಗೈ ಒತ್ತಿ ಏರಿಸಿ ಇಳಿಸಿ ಆಡಿಸುತ್ತಾರೆ, ಅದು ಒಂದು ಮನೆಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಅದರ ದೋಷ ಯಾರ ಕಿವಿಗೂ ಬಿದ್ದಿರಲಿಲ್ಲ.

ಬಲಗೈಯ ತಬಲಾ ಹೀಗೆ ಒಂದು ಸ್ವರದಲ್ಲಿ ಗಟ್ಟಿ ನಿಲ್ಲುವುದಕ್ಕೆ ಕಾರಣವನ್ನು ಸರ್ ಸಿ.ವಿ. ರಾಮನ್ ಶೋಧಿಸಿದ್ದರು. 1920ರಲ್ಲಿ ಒಂದು ಚಿಕ್ಕ ಬರಹ, ಮತ್ತೆ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ 1934ರಲ್ಲಿ ವಿವರವಾದ ಪ್ರಬಂಧ. ಬರಿಯ ತೊಗಲು ಬಿಗಿದ ವಾದ್ಯದಲ್ಲಿ ಮೇಲುಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಆದ್ದರಿಂದ ಅದು ಸ್ವರವಾಗಿ ಕೇಳದೆ ಸದ್ದಾಗಿ ಕೇಳುತ್ತದೆ. ತಬಲಾ, ಮೃದಂಗಗಳ ತೊಗಲಿನ ನಡುಭಾಗದ ಕಪ್ಪು ಶಾಯಿ ಆ ತೊಗಲಿಗೆ ತೂಕ ಕೊಟ್ಟು ಆ ಮೇಲುಸ್ವರಗಳನ್ನು ತಂತಿವಾದ್ಯದಂತೆ ಒಂದು, ಎರಡು, ಮೂರು ಪಟ್ಟಿನ ಸಾಲಿಗೆ ತರುತ್ತದೆ. ರಾಮನ್ ತೊಗಲಿನ ಮೇಲೆ ನುಣ್ಣನೆಯ ಮರಳು ಉದುರಿಸಿ ಅದು ಎಲ್ಲಿ ಕಂಪಿಸುತ್ತದೆ, ಎಲ್ಲಿ ಸುಮ್ಮನಿರುತ್ತದೆ ಎಂದು ಕಣ್ಣಿಗೆ ಕಾಣುವಂತೆ ಮಾಡಿದರು. ರಾಕ್ ಡ್ರಮ್ಮಿನ ಪೆಟ್ಟೊಂದು ಒಂದೂವರೆ ಮನೆ ಇಳಿದಿದ್ದರೆ ಡ್ರಮ್ಮು ತುಸು ದೊಡ್ಡದೆಂದುಕೊಂಡು ಸುಮ್ಮನಾಗುತ್ತಿದ್ದೆವು. ದೋಷ ಸಿಕ್ಕಿಬಿದ್ದದ್ದು ಅದು ತಬಲಾ ಆಗಿದ್ದರಿಂದ. ಶಾಯಿ ಹಾಕುವುದನ್ನು ಕಂಡುಹಿಡಿದ ಆ ಹೆಸರಿಲ್ಲದ ಕೈಗಳಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

48,000, 44,100ರ ಸಂಶಯಕ್ಕೆ ಸಾಕ್ಷಿ ಬೇಕಿತ್ತು. ಫೈಲನ್ನು ಅಕ್ಷರ ಅಕ್ಷರವಾಗಿ ತೋರಿಸುವ ತಂತ್ರಾಂಶದಲ್ಲಿ ತೆರೆದೆವು. ವೇವ್ ಫೈಲಿನ ತಲೆಭಾಗ ಸಾಮಾನ್ಯವಾಗಿ 44 ಬೈಟು. ಅದರಲ್ಲಿ 25ನೆಯದರಿಂದ ನಾಲ್ಕು ಬೈಟುಗಳಲ್ಲಿ ಅಳತೆಯ ದರ ಬರೆದಿರುತ್ತದೆ, ಕಡಿಮೆ ಸ್ಥಾನಬೆಲೆಯ ಬೈಟು ಮೊದಲು. ಹಲಗಿಯ ಫೈಲಿನಲ್ಲಿ ಅಲ್ಲಿ ಇದ್ದದ್ದು, ಹದಿನಾರರ ಅಂಕಿಪದ್ಧತಿಯಲ್ಲಿ, 44 ಎಸಿ 00 00, ಅಂದರೆ 44,100. ತಬಲಾದ ಫೈಲಿನಲ್ಲಿ 80 ಬಿಬಿ 00 00, ಅಂದರೆ 48,000. ಲ್ಯಾಪ್‌ಟಾಪ್ ಈ ನಾಲ್ಕು ಬೈಟು ಓದಿ ಅದರಂತೆ ನುಡಿಸುತ್ತದೆ. ಈ ಪೆಡಲ್ ಓದುತ್ತಿರಲಿಲ್ಲ.

ಆಮೇಲೆ ಹುಡುಗ ತಾನಾಗಿಯೇ ಒಂದು ಕೆಲಸ ಮಾಡಿದ. ತಬಲಾ ಫೈಲಿನ ಒಂದು ಪ್ರತಿ ತೆಗೆದು 80 ಬಿಬಿ ಅಳಿಸಿ 44 ಎಸಿ ಎಂದು ಬರೆದ. ಸದ್ದಿನ ಒಂದು ಅಳತೆಯನ್ನೂ ಮುಟ್ಟಲಿಲ್ಲ. ಆ ಪ್ರತಿಯನ್ನು ಲ್ಯಾಪ್‌ಟಾಪ್‌ನಲ್ಲಿ ನುಡಿಸಿದಾಗ ಪೆಡಲ್‌ನ ಅದೇ ದಪ್ಪ ‘ನಾ’ ಲ್ಯಾಪ್‌ಟಾಪ್‌ನಿಂದಲೇ ಬಂತು. ರೋಗವನ್ನು ಬೇಕೆಂದಾಗ ಬರಿಸಲು ಸಾಧ್ಯವಾದ ಮೇಲೆ ಕಾರಣದ ಬಗ್ಗೆ ವಾದ ಉಳಿಯುವುದಿಲ್ಲ. ಇನ್ನೂ ಗಟ್ಟಿ ಮಾಡಿಕೊಳ್ಳಲು 440 ಹರ್ಟ್ಸ್‌ನ ಸಾದಾ ಸ್ವರವನ್ನು 48,000ದಲ್ಲಿ ಹತ್ತು ಸೆಕೆಂಡಿನಷ್ಟು ಮಾಡಿ ಕಾರ್ಡಿಗೆ ಹಾಕಿದೆವು. ಪೆಡಲ್ ಅದನ್ನು 404ರ ಸುಮಾರಿಗೆ ನುಡಿಸಿತು, ಮುಗಿಸಲು ಹನ್ನೊಂದು ಸೆಕೆಂಡಿನ ಹತ್ತಿರ ತೆಗೆದುಕೊಂಡಿತು.

44,100 ಎಂಬ ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ಹುಡುಗ ಕೇಳಿದ. ಕೇಳಬೇಕಾದ ಪ್ರಶ್ನೆಯೇ. 1970ರ ದಶಕದ ಕೊನೆಯಲ್ಲಿ ಡಿಜಿಟಲ್ ಸದ್ದನ್ನು ಹಿಡಿದಿಡುವಷ್ಟು ಜಾಗವಿದ್ದದ್ದು ವಿಡಿಯೋ ಟೇಪಿನಲ್ಲಿ. ಚಿತ್ರದ ಗೆರೆಗಳ ಜಾಗದಲ್ಲಿ ಸದ್ದಿನ ಅಂಕಿ ಬರೆದರು. ಅಮೆರಿಕ, ಜಪಾನಿನ ಟಿ.ವಿ. ಪದ್ಧತಿಯಲ್ಲಿ ಸೆಕೆಂಡಿಗೆ 60 ಸಲ, ಪ್ರತಿ ಸಲ ಬಳಸಬಹುದಾದ 245 ಗೆರೆ, ಗೆರೆಗೆ 3 ಅಳತೆ. ಗುಣಿಸಿದರೆ 44,100. ಯುರೋಪಿನ ಪದ್ಧತಿಯಲ್ಲಿ 50 ಸಲ, 294 ಗೆರೆ, 3 ಅಳತೆ. ಅದೂ 44,100. 1982ರಲ್ಲಿ ಸಿ.ಡಿ. ಬಂದಾಗ ಅದೇ ಸಂಖ್ಯೆ ಉಳಿಯಿತು. ಮುಂದೆ ಸ್ಟುಡಿಯೋ, ವಿಡಿಯೋದವರು 48,000ಕ್ಕೆ ಒಗ್ಗಿದರು. ಹಳೆಯ ವಿಡಿಯೋ ಟೇಪಿನ ಗೆರೆ ಲೆಕ್ಕ ಇಷ್ಟು ವರ್ಷ ದಾಟಿ ಬಂದು ಸಾಣಾಪುರದ ತಬಲಾದ ಶ್ರುತಿ ಇಳಿಸಿತ್ತು.

ನಮ್ಮಲ್ಲಿ ದೋಷವಾಗಿ ಬಂದದ್ದನ್ನೇ ಮೊದಲ ಯಂತ್ರಗಳು ಬೇಕೆಂದೇ ಬಳಸಿದ್ದವು. ಅಮೆರಿಕದ ರಾಜರ್ ಲಿನ್ 1980ರಲ್ಲಿ ತಂದ ಎಲ್‌ಎಂ-1, ನಿಜವಾದ ಡ್ರಮ್ಮಿನ ರೆಕಾರ್ಡಿಂಗನ್ನು ಚಿಪ್ಪಿನಲ್ಲಿಟ್ಟು ನುಡಿಸಿದ ಮೊದಲ ಡ್ರಮ್ ಯಂತ್ರ. ಬೆಲೆ ಸುಮಾರು 5,000 ಡಾಲರ್. ಹನ್ನೆರಡು ಸದ್ದು, ಸೆಕೆಂಡಿಗೆ 28,000ದಷ್ಟು ಅಳತೆ. ಅದರಲ್ಲಿ ಪ್ರತಿ ಡ್ರಮ್ಮಿಗೂ ಶ್ರುತಿಯ ಗುಂಡಿಯಿತ್ತು. ಗುಂಡಿ ತಿರುಗಿಸಿದರೆ ಅಳತೆಗಳನ್ನು ಹೊರಬಿಡುವ ವೇಗ ಬದಲಾಗುತ್ತಿತ್ತು, ಅದರೊಂದಿಗೆ ಶ್ರುತಿಯೂ. ಗಾಯಕ ಪ್ರಿನ್ಸ್ ಡ್ರಮ್ಮುಗಳನ್ನು ಹೀಗೆ ಇಳಿಸಿ ತನ್ನದೇ ಆದ ಸದ್ದು ಮಾಡಿಕೊಂಡರು. ನಮ್ಮ ಕಡೆಗೆ ಬಂದರೆ, ಬೆಂಗಳೂರಿನ ಎಂಜಿನಿಯರ್, ಕೊಳಲು ವಾದಕ ಜಿ. ರಾಜ್ ನಾರಾಯಣ್ 1979ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯಲ್ಲಿ ಎಲೆಕ್ಟ್ರಾನಿಕ್ ತಂಬೂರಿ ತೋರಿಸಿದರು. ಅವರ ರಾಡೆಲ್ ಕಂಪನಿ ಮುಂದೆ ತಾಳಮಾಲಾ ಎಂಬ ತಬಲಾ ಪೆಟ್ಟಿಗೆಯನ್ನೂ ತಂದಿತು. ಶ್ರುತಿ ತಿಳಿದವರು ಯಂತ್ರ ಮಾಡಿದಾಗ ಆಗುವ ಅನುಕೂಲ ಬೇರೆ.

ಚಿಕಿತ್ಸೆ ಸುಲಭ, ಆದರೆ ಅದರಲ್ಲೊಂದು ತಿರುವು ಇದೆ. ಆಡಾಸಿಟಿಯಂಥ ತಂತ್ರಾಂಶಗಳಲ್ಲಿ ದರ ಬದಲಿಸುವ ಆಜ್ಞೆ ಎರಡು ಬಗೆ. ಒಂದು ಬರಿಯ ಚೀಟಿ ಬದಲಿಸುತ್ತದೆ. ಹುಡುಗ ನಾಲ್ಕು ಬೈಟು ತಿದ್ದಿದ ಹಾಗೆ, ಸದ್ದು ಇಳಿಯುತ್ತದೆ. ಇನ್ನೊಂದು 48,000 ಅಳತೆಗಳ ನಡುವಿನ ಏರಿಳಿತವನ್ನು ಲೆಕ್ಕ ಹಾಕಿ ಹೊಸದಾಗಿ 44,100 ಅಳತೆ ಮಾಡಿಕೊಡುತ್ತದೆ. ಬೇಕಾದದ್ದು ಈ ಎರಡನೆಯದು, ರೀಸ್ಯಾಂಪಲ್. ಹಾಗೆ ಮಾಡಿ, 16 ಬಿಟ್ ವೇವ್ ಎಂದು ಉಳಿಸಿ ಕಾರ್ಡಿಗೆ ಹಾಕಿದೆವು. ಮಾಸ್ತರು ಕರಿ ಒಂದು ಒತ್ತಿದರು. ಪೆಡಲ್‌ನ ‘ನಾ’ ಅದರ ಮೇಲೆ ಹೋಗಿ ಕೂತಿತು.

ಉಳಿದವು ಚಿಲ್ಲರೆ ದೋಷಗಳು, ‘ನಾ’ದ ಚಿಂತೆಯಲ್ಲಿ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟವು. ‘ತಿನ್’ನ ಕೊನೆಗೆ ಟಿಕ್ ಎನ್ನುತ್ತಿದ್ದದ್ದು ನಾದ ಪೂರ್ತಿ ಆರುವ ಮೊದಲೇ ಕತ್ತರಿಸಿದ್ದರಿಂದ. ಕೊನೆಯನ್ನು ಮೆಲ್ಲಗೆ ಸೊನ್ನೆಗೆ ಇಳಿಸಿದಾಗ ಹೋಯಿತು. ‘ಧಾ’ ತುಸು ತಡವಾಗಿ ಬೀಳುತ್ತಿತ್ತು. ಫೈಲಿನ ಮೊದಲಿಗೆ 30 ಮಿಲಿಸೆಕೆಂಡಿನಷ್ಟು ಮೌನ ಉಳಿದಿತ್ತು, ಅಂದರೆ 1,300ಕ್ಕೂ ಮಿಕ್ಕಿ ಖಾಲಿ ಅಳತೆ. ಅದನ್ನು ಕತ್ತರಿಸಿದೆವು. ಒಂದು ಫೈಲು ದನಿಯನ್ನೇ ತೆಗೆಯುತ್ತಿರಲಿಲ್ಲ, ಅದು 32 ಬಿಟ್ ಫ್ಲೋಟ್ ಬಗೆಯಲ್ಲಿ ಉಳಿದಿತ್ತು.

ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ಊರುಗಳಲ್ಲಿ ಈಗ ಹುಡುಗರು ಫೋನ್ ಹಿಡಿದು ಹಲಗಿ, ಡೊಳ್ಳು, ತಬಲಾ, ಭಜನೆ ರೆಕಾರ್ಡ್ ಮಾಡುತ್ತಿದ್ದಾರೆ. ಬಹಳ ಒಳ್ಳೆಯ ಕೆಲಸ, ನಿಲ್ಲಿಸಬೇಡಿ. ಎರಡು ವಿನಂತಿ ಮಾತ್ರ. ಪ್ರತಿ ಫೈಲಿನ ಹೆಸರಿನಲ್ಲಿ ಅಳತೆಯ ದರ ಬರೆಯಿರಿ, 44 ಎಂದೋ 48 ಎಂದೋ. ಮತ್ತು ವಾದ್ಯ ನುಡಿಸುವ ಮುನ್ನ ಹಾರ್ಮೋನಿಯಂನ ಒಂದು ಮನೆ ಒತ್ತಿ, ಅದು ಯಾವ ಮನೆ ಎಂದು ಬಾಯಲ್ಲಿ ಹೇಳಿ, ಅದನ್ನೂ ರೆಕಾರ್ಡ್ ಮಾಡಿ. ಮುಂದೆ ಯಾವ ಯಂತ್ರ ಆ ತಬಲಾವನ್ನು ತಪ್ಪಾಗಿ ನುಡಿಸಿದರೂ ಸರಿಯಾದ ಶ್ರುತಿ ಯಾವುದೆಂದು ಆ ಫೈಲೇ ಹೇಳುತ್ತದೆ.