ಹಳೆಯ ಕಾರಿನ ಸ್ಟೀರಿಯೊ: ರಿಪೇರಿಯೇ, ಬದಲಾವಣೆಯೇ?

ಕಾರಿನ ಸ್ಟೀರಿಯೊ ಹಾಡದಿದ್ದರೆ ಹೆಚ್ಚಿನವರು ‘ಸೆಟ್ ಹೋಯಿತು’ ಎಂದೇ ತೀರ್ಮಾನಿಸುತ್ತಾರೆ. ರಜೆಯಲ್ಲಿ ನಾನು ಮಾಮುವಿನ ಕಾರ್ ಆಡಿಯೊ ಅಂಗಡಿಯಲ್ಲಿ ಕೆಲಸ ಕಲಿಯುತ್ತೇನೆ. ಅಲ್ಲಿಗೆ ಬರುವ ಹಳೆಯ ಗಾಡಿಗಳಲ್ಲಿ ಎಷ್ಟೋ ಸಲ ಸೆಟ್ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಫ್ಯೂಸ್, ಅರ್ತ್ ವೈರ್ ಅಥವಾ ಬಾಗಿಲಿನೊಳಗಿನ ಸ್ಪೀಕರ್.

ಮೊದಲು ನೋಡಬೇಕಾದದ್ದು ಫ್ಯೂಸ್. ಒಮ್ಮೆ ಬಂದ ಮಾರುತಿ 800ರಲ್ಲಿ ಫ್ಯೂಸ್ ಪದೇ ಪದೇ ಸುಡುತ್ತದೆಂದು ಯಾರೋ ಅದರ ಜಾಗದಲ್ಲಿ ತಾಮ್ರದ ತಂತಿ ಸುತ್ತಿದ್ದರು. ಡ್ಯಾಶ್‌ಬೋರ್ಡಿನ ಹಿಂದೆ ವೈರಿನ ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿತ್ತು. ಫ್ಯೂಸ್ ಸುಟ್ಟರೆ ಎಲ್ಲೋ ಶಾರ್ಟ್ ಇದೆ ಎಂದರ್ಥ. ತಂತಿ ಸುತ್ತಿದರೆ ಶಾರ್ಟ್ ಹಾಗೆಯೇ ಉಳಿಯುತ್ತದೆ, ಬೆಂಕಿ ಹತ್ತುವುದು ವೈರಿಗೆ.

ಹೊರಗೆ ಸಿಗುವ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಹಳದಿ ವೈರಿಗೆ ಸದಾ 12 ವೋಲ್ಟ್ ಬೇಕು. ಗಡಿಯಾರ, ಸ್ಟೇಷನ್‌ಗಳ ನೆನಪು ಉಳಿಯುವುದು ಅದರಿಂದ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್. ಕಪ್ಪು ಅರ್ತ್. ಕೀ ತೆಗೆದಾಗಲೆಲ್ಲ ಸ್ಟೇಷನ್‌ಗಳು ಅಳಿಸಿಹೋದರೆ ಹಳದಿ, ಕೆಂಪು ಅದಲುಬದಲಾಗಿರಬಹುದು. ಆದರೆ ಕಾರಿನ ಕಡೆಯ ವೈರುಗಳ ಬಣ್ಣ ಕಂಪನಿಗೊಂದು ತರಹ. ಅಲ್ಲಿ ಬಣ್ಣ ನಂಬಬೇಡಿ, ಮಲ್ಟಿಮೀಟರ್ ನಂಬಿ.

ಸ್ಪೀಕರ್ ಪರೀಕ್ಷೆ ಇನ್ನೂ ಸುಲಭ. ಸೆಟ್ಟಿನಿಂದ ಬಿಡಿಸಿ, ಅದರ ಎರಡು ತುದಿಗೆ 1.5 ವೋಲ್ಟ್ ಸೆಲ್ ಕ್ಷಣಮಾತ್ರ ತಾಗಿಸಿ. ‘ಟಕ್’ ಎಂದರೆ ಕಾಯಿಲ್ ಜೀವಂತ. 4 ಓಮ್ ಸ್ಪೀಕರ್ ಮೀಟರಿನಲ್ಲಿ 4ಕ್ಕಿಂತ ತುಸು ಕಡಿಮೆ ತೋರಿಸುತ್ತದೆ, ಅದು ದೋಷವಲ್ಲ: ಮೀಟರ್ ಅಳೆಯುವುದು ಡಿಸಿ ರೋಧವನ್ನು, 4 ಓಮ್ ಎಂಬುದು ಎಸಿಗೆ ಹೇಳಿದ ಇಂಪೀಡೆನ್ಸ್. ನಮ್ಮ ಭೌತಶಾಸ್ತ್ರ ಪುಸ್ತಕದ ಪಾಠವೇ.

ಹಳೆಯ ಬಯಾನ್ ಕ್ಯಾಸೆಟ್‌ಗಳನ್ನು ಬಿಸಾಡಲು ಮನಸ್ಸಿಲ್ಲದ ಹಿರಿಯರೂ ಬರುತ್ತಾರೆ. ಧ್ವನಿ ಎಳೆದಂತೆ ಕೇಳಿದರೆ ರಬ್ಬರ್ ಬೆಲ್ಟ್ ಸಡಿಲಾಗಿರುವ ಸಾಧ್ಯತೆ ಹೆಚ್ಚು. ಮಂಕಾಗಿದ್ದರೆ ಹೆಡ್ ಮೇಲೆ ಕೊಳೆ. ಬೆಲ್ಟ್ ಬದಲಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹೆಡ್ ಒರೆಸಿದರೆ ಅನೇಕ ಸೆಟ್‌ಗಳು ಮತ್ತೆ ಹಾಡುತ್ತವೆ. ಇಂಥವನ್ನು ಕಿತ್ತುಹಾಕುವುದು ನನಗೆ ಇಷ್ಟವಿಲ್ಲ.

ಪೆನ್ ಡ್ರೈವ್, ಬ್ಲೂಟೂತ್ ಬೇಕೇ ಬೇಕೆಂದರೆ ಹೊಸದು ಹಾಕಿಸಿ. ಸಿಂಗಲ್ ಡಿನ್ ಮುಖ ಸುಮಾರು 180 × 50 ಮಿ.ಮೀ., ಡಬಲ್ ಡಿನ್ 180 × 100. ಕಾರಿನ ಮೂಲ ಸಾಕೆಟ್ ಕತ್ತರಿಸಲು ಬಿಡಬೇಡಿ. ನಡುವೆ ಸಿಕ್ಕಿಸುವ ಕನ್ವರ್ಟರ್ ಸಾಕೆಟ್ ಕೇಳಿ. ಸ್ಪೀಕರಿನ ಮೈನಸ್ ವೈರನ್ನು ಬಾಡಿಗೆ ಅರ್ತ್ ಮಾಡಲೂಬಾರದು. ಕೆಲವು ಹಳೆಯ ಸೆಟ್‌ಗಳಲ್ಲಿ ಅದು ನಡೆಯುತ್ತಿತ್ತು, ಈಗಿನವುಗಳಲ್ಲಿ ಆಂಪ್ಲಿಫೈಯರ್ ಐಸಿಯೇ ಸುಡಬಹುದು.

ಡಬ್ಬದ ಮೇಲಿನ ‘4 × 50 ವ್ಯಾಟ್’ಗೆ ಮರುಳಾಗಬೇಡಿ. ಸೆಟ್ಟಿನ ಹಿಂದೆ 10 ಆಂಪಿಯರ್ ಫ್ಯೂಸ್ ಇದ್ದು, ಎಂಜಿನ್ ಓಡುವಾಗ 14 ವೋಲ್ಟ್ ಸಿಕ್ಕರೂ ಒಳಗೆ ಹೋಗುವುದೇ 140 ವ್ಯಾಟ್. ನಿರಂತರವಾಗಿ 200 ಹೊರಬರುವುದು ಹೇಗೆ?

ಕೆಲಸಕ್ಕೆ ಮುನ್ನ ಬ್ಯಾಟರಿಯ ಮೈನಸ್ ಬಿಚ್ಚಿಡಬೇಕು. ಆದರೆ ಕಂಪನಿಯ ಕೆಲವು ಸೆಟ್‌ಗಳು ಕರೆಂಟ್ ಹೋಗಿ ಬಂದೊಡನೆ ಕಳ್ಳತನ ತಡೆಯುವ ಕೋಡ್ ಕೇಳುತ್ತವೆ. ಅದರ ಕಾರ್ಡ್ ಗಾಡಿಯ ಕೈಪಿಡಿಯ ಜೊತೆಗಿದೆಯೇ ನೋಡಿಕೊಂಡೇ ಸ್ಪ್ಯಾನರ್ ಹಿಡಿಯಿರಿ.